ಥರ್ಡ್ ಗೇರು ನಿಲ್ಲದ ಕಾರು

ಮಾನ್ವಿಯ ಒಬ್ಬ ರೈಸ್‌ಮಿಲ್ ಸಾಹುಕಾರರು ತಮ್ಮ ಕಾರಿನ ಸೀಟಿನ ಮೇಲೆ ಗೋಣಿಚೀಲ ಹಾಸಿಸಿ ನನಗೆ ಕೂಡಲು ಹೇಳಿದರು. ನಾನು ಕೂಡಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ, ರಾಯಚೂರಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಆಮೇಲೆ ಅನೇಕರು ಕೇಳಿದ್ದಾರೆ. ಏನೂ ಹೋಗುತ್ತಿರಲಿಲ್ಲ. ಕಾರು ಒಂದು ತಿಂಗಳು ಮೊದಲೇ ನೆಟ್ಟಗಾಗುತ್ತಿತ್ತು, ಅಷ್ಟೆ. ಇವತ್ತಿಗೂ ಅದೇ ಅಂಗಳದಲ್ಲಿ ಅದೇ ಚೀಲ ಹಾಸಿದರೆ ನಾನು ಕೂಡುವವನಲ್ಲ.

ನನ್ನ ಊರು ದೇವದುರ್ಗ ತಾಲ್ಲೂಕಿನ ಮಸರಕಲ್. ನಮ್ಮ ಮನೆ ಊರೊಳಗಿರಲಿಲ್ಲ, ಊರಿನಿಂದ ಬಿಟ್ಟು ಇದ್ದ ಕೇರಿಯಲ್ಲಿತ್ತು. ಅಪ್ಪ ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಒಡೆಯುತ್ತಿದ್ದ, ಡಾಂಬರು ಕಾಯಿಸುತ್ತಿದ್ದ. ಗ್ಯಾಂಗಿನ ಕೆಲವರ ಜೊತೆ ಸೇರಿ ಒಂದು ವರ್ಷ ಅವನು ಬೌದ್ಧನಾದ. ಜಗಲಿಯ ಮೇಲಿದ್ದ ದೇವರುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ಕೃಷ್ಣಾ ನದಿಗೆ ಬಿಟ್ಟು ಬಂದ. ಅವ್ವ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಆ ಜಾಗ ಖಾಲಿ ಯಾಕೆ ಬಿಡಬೇಕು ಅಂತ ಅಲ್ಲಿ ಉಪ್ಪಿನ ಗಡಿಗೆ ಇಟ್ಟಳು. ನನ್ನನ್ನು ಓದಿಸಿದ್ದು ಅಪ್ಪನ ಹಟ. ಮೆಟ್ರಿಕ್ ಆದ ಮೇಲೆ ರಾಯಚೂರಿನಲ್ಲಿ ಐಟಿಐ ಸೇರಿ ವೈರ್‌ಮನ್ ಕೆಲಸ ಕಲಿತೆ. ಕಲಿತದ್ದರಲ್ಲಿ ಮುಕ್ಕಾಲು ಮರೆತೆ. ಕರೆಂಟು ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಅದು ತಿರುಗಿ ಬರುವ ದಾರಿಯನ್ನು ನೀವು ನೋಡಿರಿ ಅಂತ ಒಬ್ಬ ಮಾಸ್ತರು ಹೇಳಿದ್ದು ಮಾತ್ರ ತಲೆಯಲ್ಲಿ ಉಳಿಯಿತು. ನಾನು ಸರ್ಟಿಫಿಕೇಟ್ ಕೈಗೆ ತೆಗೆದುಕೊಂಡ ವರ್ಷವೇ ಅಪ್ಪ ತೀರಿಕೊಂಡ.

ಸರ್ಕಾರಿ ನೌಕರಿಯ ಕಾಗದ ಬರಲಿಲ್ಲ. ಕಾಳುಕಡಿ ಮಾರುವ ಗಂಜಿನ ಹತ್ತಿರ ಒಬ್ಬ ಮುಸ್ಲಿಂ ಮೆಕ್ಯಾನಿಕರ ತಗಡಿನ ಶೆಡ್ಡಿತ್ತು, ಅಲ್ಲಿ ಸೇರಿಕೊಂಡೆ. ಊರೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿತ್ತು, ನಾನೂ ಹಾಗೇ ಅಂದೆ. ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವುದರಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ವೈರು ಕಂಡರೆ ಅವರಿಗೆ ತಲೆನೋವು. ಆ ಕೆಲಸಕ್ಕೆ ನಾನು ಬಂದೆ, ಅವರ ಹತ್ತಿರ ಗೇರು ಕಲಿತೆ. ಗೇರಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡ, ಎರಡು ಬೆರಳಲ್ಲಿ ಹಿಡಿ, ಮುಷ್ಟಿಗೆ ಏನೂ ಕೇಳಿಸುವುದಿಲ್ಲ ಅಂತ ಮೊದಲ ದಿನವೇ ಹೇಳಿಕೊಟ್ಟರು. ಅವರ ಮನೆಯಿಂದ ಬರುತ್ತಿದ್ದ ಬುತ್ತಿಯನ್ನು ಇಬ್ಬರೂ ಒಂದೇ ತಟ್ಟೆಯಲ್ಲಿ ಹಾಕಿಕೊಂಡು ಐದಾರು ವರ್ಷ ಉಂಡಿದ್ದೇವೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಕಟ್ಟುವ ಕೆಲಸ ನಡೆದಿತ್ತು, ಲಾರಿ ಜೀಪುಗಳು ನಮ್ಮ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿದ್ದವು. ಅದರ ನಡುವೆ ಒಂದು ದಿನ ಮಾನ್ವಿಯ ಸಾಹುಕಾರರಿಂದ ಉಸ್ತಾದರಿಗೆ ಕರೆ ಬಂತು.

ಅವರ ಕಾರು ಇಪ್ಪತ್ತು ವರ್ಷದ ಹಳೆಯದು. ಹುಟ್ಟಿದ್ದು ಪೆಟ್ರೋಲ್ ಗಾಡಿಯಾಗಿ. ಆ ಕಾಲದಲ್ಲಿ ಅನೇಕರು ಮಾಡಿಸಿದಂತೆ ಇವರೂ ಹಳೆಯ ಇಂಜಿನ್ ತೆಗೆಸಿ ಡೀಸೆಲ್ ಇಂಜಿನ್ ಕೂಡಿಸಿದ್ದರು. ಗೇರಿನ ಹಿಡಿ ಸ್ಟೇರಿಂಗಿನ ಕೆಳಗೇ ಇರುವ ಮಾದರಿ. ಹಿಡಿಯಿಂದ ಉದ್ದನೆಯ ಎರಡು ಕಬ್ಬಿಣದ ರಾಡುಗಳು ಇಳಿದು ಹೋಗಿ ಗೇರ್‌ಬಾಕ್ಸನ್ನು ಮುಟ್ಟುತ್ತಿದ್ದವು. ಈ ಕಾರಿಗೆ ಎರಡು ಬೇನೆ. ಏರು ಹತ್ತುವಾಗ ಥರ್ಡ್ ಗೇರು ತಾನಾಗಿಯೇ ಜಾರಿ ಬೀಳುತ್ತಿತ್ತು. ಬೆಳಿಗ್ಗೆ ಸೆಲ್ಫ್ ತಿರುಗುತ್ತಿರಲಿಲ್ಲ, ಮಿಲ್ಲಿನ ಹಮಾಲರು ಬಂದು ನೂಕಬೇಕಿತ್ತು. ಲೈಟುಗಳು ಕಂದೀಲಿನಷ್ಟೇ ಉರಿಯುತ್ತಿದ್ದವು. ಬ್ಯಾಟರಿ ಎರಡು ಸಲ ಬದಲಾಗಿತ್ತು, ಡೈನಮೋ ಒಂದು ಸಲ. ಗೇರ್‌ಬಾಕ್ಸನ್ನು ಮೂರು ಕಡೆ ಬಿಚ್ಚಿ ನೋಡಿದ್ದರು. ಕರೆಂಟಿನವರು ಕರೆಂಟು ನೋಡಿ ಹೋದರು, ಗೇರಿನವರು ಗೇರು ನೋಡಿ ಹೋದರು. ಉಸ್ತಾದರಿಗೆ ಆಗ ಸೊಂಟ ಹಿಡಿದುಕೊಂಡಿತ್ತು. ಎರಡೂ ಕೆಲಸ ಬರುವವನು ನೀನೇ, ಹೋಗಿ ನೋಡಿ ಬಾ ಅಂದರು.

ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದೆ. ಸಾಹುಕಾರರ ಡ್ರೈವರು, ವಯಸ್ಸಾದ ಮನುಷ್ಯ, ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋದ. ಅಂಗಳದಲ್ಲಿ ಕಾರು ನಿಂತಿತ್ತು. ಸಾಹುಕಾರರು ಕಟ್ಟೆಯ ಮೇಲೆ ಕೂತಿದ್ದರು, ಅವರ ತಾಯಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಬಾನೆಟ್ ಎತ್ತಿ ಕೆಲಸ ಶುರು ಮಾಡಿದೆ. ಬ್ಯಾಟರಿ ಹೊಸದು, ಟರ್ಮಿನಲ್ ಸ್ವಚ್ಛ, ಡೈನಮೋ ಬೆಲ್ಟು ಬಿಗಿಯಾಗಿತ್ತು. ನಾನು ಇಂಜಿನ್ ಮುಟ್ಟಿದೆ, ವೈರು ಮುಟ್ಟಿದೆ, ಡೀಸೆಲ್ ಪೈಪು ಬಾಯಲ್ಲಿ ಊದಿದೆ. ಅಲ್ಲಿಯವರೆಗೆ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಗಾಡಿ ಒಂದು ಸುತ್ತು ಓಡಿಸಿ ನೋಡಬೇಕು ಅಂತ ಹೇಳಿದಾಗ ಮುದುಕಿ ಮೊರದಿಂದ ತಲೆ ಎತ್ತಿ ಕೇಳಿದರು.

"ಯಾವೂರಪ್ಪ ನಿಂದು?"

"ಮಸರಕಲ್ರಿ, ಯವ್ವಾ."

"ಮಸರಕಲ್‌ನಾಗ ಯಾರ ಪೈಕಿ?"

ನಾನು ನಮ್ಮ ಕೇರಿಯ ಹೆಸರು ಹೇಳಿದೆ. ಬೇರೆ ಏನಾದರೂ ಹೇಳಬಹುದಿತ್ತು. ಹಾಗೆ ಹೇಳಿ ಪಾರಾದವರನ್ನು ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಮಾತ್ರ ಆ ದಿನ ಹಾಗೆ ಹೇಳಬೇಕು ಅನ್ನಿಸಲಿಲ್ಲ. ಮುದುಕಿ ಮತ್ತೆ ಅಕ್ಕಿಯ ಕಡೆ ನೋಡಿದರು. ಸಾಹುಕಾರರು ಡ್ರೈವರನಿಗೆ ಕಣ್ಣಲ್ಲಿ ಏನೋ ಹೇಳಿದರು. ಅವನು ಮಿಲ್ಲಿನ ಕಡೆ ಹೋಗಿ ಒಂದು ಗೋಣಿಚೀಲ ತಂದು ಒಂದು ಸಲ ಕೊಡವಿ ಡ್ರೈವರ್ ಸೀಟಿನ ಮೇಲೆ ಹಾಸಿದ. ಹಾಸುವಾಗ ನನ್ನ ಮುಖ ನೋಡಲಿಲ್ಲ.

ಇದು ಯಾಕೆ ಅಂತ ಕೇಳಿದೆ. ನನ್ನ ಕೈಮೈಯೆಲ್ಲ ಎಣ್ಣೆಯಾಗಿದೆ, ಸೀಟು ಹೊಲಸಾಗುತ್ತದೆ ಅಂದರು ಸಾಹುಕಾರರು. ಮಾತು ಸರಿ ಇತ್ತು. ಯಾವ ಗಾಡಿಯ ಮಾಲಿಕನೂ ಹಾಗೇ ಹೇಳಬಹುದು. ನಾನು ಮಿಲ್ಲಿನ ನಲ್ಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡೆ. ಬಸ್ಸಿನಲ್ಲಿ ಹಾಕಿಕೊಂಡು ಬಂದ ಬಿಳಿ ಅಂಗಿ ನನ್ನ ಚೀಲದಲ್ಲಿತ್ತು, ಅದನ್ನು ಹಾಕಿಕೊಂಡೆ. ಪ್ಯಾಂಟನ್ನೂ ಬದಲಿಸಿ ಬಂದು ನಿಂತೆ. ಬೇನೆ ಹುಡುಕುವಾಗ ನಾವು ಮಾಡುವುದು ಅದನ್ನೇ. ಅನುಮಾನ ಬಂದ ಒಂದು ಸಾಮಾನು ತೆಗೆದು ನೋಡುತ್ತೇವೆ. ಆಮೇಲೂ ಬೇನೆ ಹಾಗೇ ಇದ್ದರೆ ಅದು ಆ ಸಾಮಾನಿನದಲ್ಲ.

"ಈಗ ಚೀಲ ತಗೀರಿ" ಅಂದೆ.

"ಇರ್ಲಿ ಬಿಡು, ಕೂಡು" ಅಂದರು.

"ಚೀಲ ಇದ್ರ ನಾ ಕೂಡಂಗಿಲ್ರಿ."

ಸಾಹುಕಾರರಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಯಿತು. ಕೂಡದಿದ್ದರೆ ಬೇಡ, ತಮ್ಮ ಡ್ರೈವರ್ ಓಡಿಸುತ್ತಾನೆ, ನೀನು ಹಿಂದಿನ ಬಂಪರಿನ ಮೇಲೆ ನಿಂತು ಸಪ್ಪಳ ಕೇಳಿ ಹೇಳು ಅಂದರು.

"ಗೇರಿನ ಬ್ಯಾನಿ ಕೈಗೆ ಗೊತ್ತಾಗ್ತದ್ರಿ" ಅಂದೆ. "ಬಂಪರ್ ಮ್ಯಾಲ ನಿಂತು ನಾ ಏನ್ ಹೇಳ್ಲಿ?"

ರಾಯಚೂರಿನಲ್ಲಿ ನೀನೊಬ್ಬನೇ ಮೆಕ್ಯಾನಿಕ್ ಅಲ್ಲ ಅಂದರು. ಅದೂ ನಿಜವೇ. ನಾನು ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಒಂದೊಂದಾಗಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅವಸರ ಮಾಡಲಿಲ್ಲ. ಬಾನೆಟ್ ಮುಚ್ಚಿ, ಹೊರಟೆ. ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುವಾಗ ಹೆದರಿಕೆಯಾಯಿತು. ಉಸ್ತಾದರಿಗೆ ಏನು ಹೇಳುವುದು ಅನ್ನುವ ಹೆದರಿಕೆ. ಆದರೆ ತಿರುಗಿ ಹೋಗಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ.

ಉಸ್ತಾದರಿಗೆ ಸಿಟ್ಟು ಬಂತು. ಹಳೆಯ ಗಿರಾಕಿ ಕೈಬಿಟ್ಟುಹೋಯಿತು ಅಂತ ಒಂದು ತಾಸು ವಟಗುಟ್ಟಿದರು. "ಬೇಟಾ, ಅವ್ರು ಸೀಟಿನ ಮ್ಯಾಲ ಏನರ ಹಾಸ್ಲಿ, ನಮಗ ಕೈಕು, ನಮಗ್ಯಾಕ? ಕೆಲಸ ಮಾಡಿ ಬರೋದು" ಅಂದರು.

"ನಿಮಗ ಹಾಸಿದ್ರ ಕೂಡ್ತಿದ್ರೇನು, ಉಸ್ತಾದ್?"

ಆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರು ನನ್ನ ಕಡೆ ತಟ್ಟೆ ಸರಿಸಿದರು. ಮೂರನೇ ದಿನ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ತಾವೇ ಮಾನ್ವಿಗೆ ಹೋದರು. ಅವರಿಗೆ ಯಾರೂ ಚೀಲ ಹಾಸಲಿಲ್ಲ. ಗಾಡಿ ಓಡಿಸಿದರು, ಗೇರ್‌ಬಾಕ್ಸನ್ನು ನಾಲ್ಕನೇ ಸಲ ಬಿಚ್ಚಿದರು, ಒಳಗಿನ ಸ್ಪ್ರಿಂಗು ಸಡಿಲಾಗಿದೆ ಅಂತ ಹೊಸದು ಹಾಕಿದರು. ಎಂಟು ದಿನ ಕಾರು ಚೆನ್ನಾಗಿತ್ತು. ಒಂಬತ್ತನೇ ದಿನ ಥರ್ಡ್ ಗೇರು ಮತ್ತೆ ಬಿತ್ತು. ಇನ್ನೊಂದು ಸಲ ಹೋಗಿ ಬಂದರು, ಅದೇ ಕಥೆ.

ಎರಡನೇ ಸಲ ಹೋಗಿ ಬಂದ ಮರುದಿನ ಅವರು ಶೆಡ್ಡಿನ ಸ್ಟೂಲಿನ ಮೇಲೆ ಕೂತು ತಮ್ಮ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಅದು ಬೆರಳಿನವರೆಗೆ ಬಂದಿರುವುದು ಗೊತ್ತಿರಲಿಲ್ಲ. ಒಂದು ವರ್ಷದಿಂದ ಬೆರಳ ತುದಿ ಜೋಮು ಹಿಡಿದಂತೆ ಇದೆ, ಬಿಸಿ ಚಹಾದ ಕಪ್ಪು ಹಿಡಿದರೂ ಗೊತ್ತಾಗುವುದಿಲ್ಲ ಅಂದರು. ಎರಡು ಬೆರಳಲ್ಲಿ ಹಿಡಿ ಅಂತ ನನಗೆ ಕಲಿಸಿದವರು ಆ ಕಾರಿನ ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿದಿದ್ದರು. ಬೇರೆ ದಾರಿ ಇರಲಿಲ್ಲ. ಇದನ್ನು ಯಾರಿಗೂ ಹೇಳಬೇಡ ಅಂದರು. ಅವರು ತೀರಿಹೋದ ಮೇಲೆ, ಇಷ್ಟು ವರ್ಷಕ್ಕೆ, ಈಗ ಹೇಳುತ್ತಿದ್ದೇನೆ.

ಅದಾಗಿ ನಾಲ್ಕೈದು ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಮಿಲ್ಲಿನ ಟ್ರ್ಯಾಕ್ಟರು ಆ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ನಮ್ಮ ಶೆಡ್ಡಿಗೆ ಬಂತು. ದಾರಿಯಲ್ಲಿ ಕಲ್ಲೂರಿನ ಹತ್ತಿರ ನಿಂತುಬಿಟ್ಟಿತ್ತಂತೆ. ಕಾರಿನಲ್ಲಿ ಸಾಹುಕಾರರೇ ಸ್ಟೇರಿಂಗ್ ಹಿಡಿದು ಕೂತಿದ್ದರು. ಡ್ರೈವರು ಜ್ವರ ಬಂದು ಮಲಗಿದ್ದ. ಅವರು ಇಳಿದು ನನ್ನನ್ನು ನೋಡದೆ ಉಸ್ತಾದರ ಹತ್ತಿರ ಹೋಗಿ, ನೀವು ಎರಡು ಸಲ ನೋಡಿದರೂ ಹೀಗಾಯಿತಲ್ಲ ಅಂದರು.

ಉಸ್ತಾದರು ಸ್ಟೂಲಿನಿಂದ ಎದ್ದು ನಿಂತರು. "ನನ್ನ ಕೈಗೆ ಗೊತ್ತಾಗವಲ್ದು, ಸಾವ್ಕಾರ್ರಿ. ಇವ್ನ ಕೈಗೆ ಗೊತ್ತಾಗ್ತದ. ಇವ್ನ ಕೂಡಿಸ್ತೀರೋ ಇಲ್ಲೋ, ನಿಮಗ ಬಿಟ್ಟಿದ್ದು" ಅಂದರು. ಹಾಗೆ ಅಂದು ಮತ್ತೆ ಕೂತರು. ಮೂವತ್ತು ವರ್ಷ ಗೇರು ಬಿಚ್ಚಿದ ಮನುಷ್ಯ ಗಿರಾಕಿಯ ಮುಂದೆ ತನ್ನ ಕೈ ಸೋತಿತು ಅಂತ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಅದನ್ನು ಅವರು ನನಗಾಗಿ ಒಪ್ಪಿಕೊಂಡರು.

ಸಾಹುಕಾರರು ಕಾರಿನ ಹಗ್ಗ ಬಿಚ್ಚಲು ಟ್ರ್ಯಾಕ್ಟರಿನವನಿಗೆ ಹೇಳಿದರು. ಆಮೇಲೆ ಆಯ್ತು ನೋಡು ಅಂದರು. ಆಗ ನಾನು ಎರಡು ಷರತ್ತು ಹಾಕಿದೆ. ಸೀಟಿನ ಮೇಲೆ ಏನೂ ಹಾಸಬಾರದು. ನಾನು ಓಡಿಸುವಾಗ ಸಾಹುಕಾರರು ಪಕ್ಕದ ಸೀಟಿನಲ್ಲಿ ಕೂಡಬೇಕು. ಮೊದಲನೆಯದು ನನ್ನ ಹಕ್ಕು. ಎರಡನೆಯದು ಬೇಕಂತಲೇ ಹಾಕಿದ್ದು, ಮುಚ್ಚಿಡುವುದಿಲ್ಲ. ಸೆಲ್ಫ್ ಒತ್ತಲು ಒಬ್ಬರು ಬೇಕು ಅಂತ ಹೇಳಿದೆ, ಅದು ಸುಳ್ಳಲ್ಲ. ಆದರೆ ಟ್ರ್ಯಾಕ್ಟರಿನವನು ಬಂದಿದ್ದರೂ ಕೆಲಸ ಆಗುತ್ತಿತ್ತು.

ನಮ್ಮ ಶೆಡ್ಡಿನ ತುಂಬಿದ ಬ್ಯಾಟರಿಯನ್ನು ಕಾರಿಗೆ ಹಾಕಿ ಸೆಲ್ಫ್ ಒತ್ತಿದೆ. ಅದು ನರಳಿತು. ಎರಡು ಸುತ್ತು ತಿರುಗಿ ನಿಂತಿತು, ಸ್ಟೇರಿಂಗಿನ ಬುಡದಿಂದ ಸಣ್ಣಗೆ ಸುಟ್ಟ ವಾಸನೆ ಬಂತು. ಲಾರಿ ಚಾಲೂ ಮಾಡುವ ಬ್ಯಾಟರಿಗೂ ಇದು ಹೀಗೆ ನರಳುತ್ತದೆ ಅಂದರೆ ಬೇನೆ ಬ್ಯಾಟರಿಯದಲ್ಲ ಅಂತ ಅಲ್ಲೇ ಗೊತ್ತಾಯಿತು. ಕರೆಂಟು ಹೋಗುತ್ತಿದೆ, ತಿರುಗಿ ಬರಲು ಅದಕ್ಕೆ ದಾರಿ ಇಲ್ಲ. ಗೇರಿನ ಬೇನೆ ನೋಡುವುದು ಇನ್ನೂ ಇತ್ತು. ನೂಕಿಸಿ ಚಾಲೂ ಮಾಡಿಕೊಂಡು ಹೊರಟೆವು.

ದೇವದುರ್ಗದ ರಸ್ತೆ ಹಿಡಿದೆ. ಶಕ್ತಿನಗರದ ಕಡೆ ಲಾರಿಗಳ ಗದ್ದಲ, ಮಾನ್ವಿಯ ಕಡೆ ರಸ್ತೆ ಸಪಾಟು, ಥರ್ಡ್ ಗೇರಿಗೆ ಭಾರ ಬೀಳುವ ಏರುಗಳು ದೇವದುರ್ಗದ ರಸ್ತೆಯಲ್ಲಿ ಇದ್ದವು. ನನ್ನ ಊರೂ ಅದೇ ರಸ್ತೆಗೆ ಇತ್ತು. ಅದು ನನ್ನ ತಲೆಯಲ್ಲಿರಲಿಲ್ಲ ಅಂತ ಹೇಳಿದರೆ ಯಾರೂ ನಂಬಬಾರದು.

ಗಬ್ಬೂರು ದಾಟಿದ ಮೇಲೆ ಏರು ಬಂತು. ಥರ್ಡ್ ಹಾಕಿ, ಆಕ್ಸಿಲರೇಟರ್ ಒತ್ತಿ, ಹಿಡಿಯ ಮೇಲೆ ಎರಡೇ ಬೆರಳು ಇಟ್ಟೆ. ಗೇರ್‌ಬಾಕ್ಸಿನ ಒಳಗೆ ಹಲ್ಲು ಸವೆದಿದ್ದರೆ ಹಿಡಿ ಮೊದಲು ನಡುಗುತ್ತದೆ, ಆಮೇಲೆ ಒದ್ದಂತೆ ಹೊರಗೆ ಬರುತ್ತದೆ. ಇಲ್ಲಿ ನಡುಕವೇ ಇರಲಿಲ್ಲ. ಇಂಜಿನ್ನಿಗೆ ಭಾರ ಬಿದ್ದ ಹಾಗೆ ಹಿಡಿ ಮೆಲ್ಲಗೆ ಒಂದೇ ಕಡೆ ಸರಿಯಿತು. ಕೆಳಗಿನಿಂದ ಯಾರೋ ರಾಡು ಹಿಡಿದು ಎಳೆದಂತೆ ಸರಿದು ಸರಿದು ಕೊನೆಗೆ ಟಪ್ ಅಂತ ಬಿತ್ತು. ಮತ್ತೆ ಹಾಕಿದೆ, ಮತ್ತೆ ಅದೇ. ನನ್ನ ಎದೆ ಹಗುರಾಯಿತು. ಬೇನೆ ಗೇರಿನ ಡಬ್ಬಿಯ ಒಳಗಿರಲಿಲ್ಲ, ಹೊರಗಿತ್ತು.

"ನಿಮ್ಮ ಬೆರಳು ಇಡ್ರಿ ಇದರ ಮ್ಯಾಲ" ಅಂದೆ.

ಹಿಡಿ ನಮ್ಮಿಬ್ಬರ ನಡುವೆಯೇ ಇತ್ತು. ಸಾಹುಕಾರರು ನನ್ನ ಕೈ ನೋಡಿದರು. ನಾನು ನನ್ನ ಬೆರಳು ತೆಗೆಯಲಿಲ್ಲ, ಸ್ವಲ್ಪ ಸರಿಸಿದೆ. ಅವರು ಒಂದು ಬೆರಳು ಇಟ್ಟರು, ಆಮೇಲೆ ಇನ್ನೊಂದು. ಹಿಡಿ ಸರಿಯಿತು, ಗೇರು ಬಿತ್ತು. ಯಾರೋ ಜಗ್ಗಿದಂಗ ಆಗ್ತದಲ್ಲ ಅಂದರು. ಆ ಕ್ಷಣ ಅವರ ದನಿಯಲ್ಲಿ ಬೇರೆ ಏನೂ ಇರಲಿಲ್ಲ, ತಮ್ಮ ಗಾಡಿಯ ಬೇನೆ ಮೊದಲ ಸಲ ಕೈಗೆ ಸಿಕ್ಕ ಮನುಷ್ಯನ ಕುತೂಹಲ ಅಷ್ಟೇ ಇತ್ತು. ಅವರು ದಡ್ಡರಲ್ಲ. ಆ ಚೀಲ ದಡ್ಡತನದಿಂದ ಹಾಸಿದ್ದಲ್ಲ ಅಂತ ನನಗೆ ಇನ್ನೂ ಸ್ಪಷ್ಟವಾಯಿತು.

ಥರ್ಡ್ ಇಲ್ಲದೆ ಸೆಕೆಂಡಿನಲ್ಲೇ ಏರು ಹತ್ತಿ ಹತ್ತಿ ಇಂಜಿನ್ ಕಾಯ್ದು ರೇಡಿಯೇಟರ್ ಕುದಿಯಿತು. ಹಾಗೂ ಹೀಗೂ ಮಸರಕಲ್ ಮುಟ್ಟಿ ನಮ್ಮ ಕೇರಿಯ ಬಾಯಲ್ಲಿ, ಹುಣಸೆ ಮರದ ನೆರಳಿಗೆ ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದೆ. ಕೂಲಿಗೆ ಹೋಗದೆ ಮನೆಯಲ್ಲಿದ್ದ ನಾಲ್ಕು ಹೆಂಗಸರು, ಒಬ್ಬಿಬ್ಬರು ಮುದುಕರು ಬಂದು ನಿಂತರು. ನಮ್ಮವ್ವನೂ ಬಂದಳು. ಕಾರಿನೊಳಗಿಂದ ನಾನು ಇಳಿದದ್ದನ್ನು ನೋಡಿ ಅವಳು ಮೊದಲು ಕೇಳಿದ್ದು ಏನಾದರೂ ಅಪಘಾತ ಆಯಿತೇ ಅಂತ. ರೇಡಿಯೇಟರಿಗೆ ನೀರು ಬೇಕು ಅಂದೆ. ತರಲು ಹೋದಳು.

ಅಷ್ಟರಲ್ಲಿ ನಾನು ಬಾನೆಟ್ ಎತ್ತಿ ಸಾಹುಕಾರರನ್ನು ಡ್ರೈವರ್ ಸೀಟಿಗೆ ಕೂಡಿಸಿದೆ. ಟೆಸ್ಟ್ ಲ್ಯಾಂಪ್ ಅಂತ ನಮ್ಮ ಹತ್ತಿರ ಇರುವುದು ಎರಡು ವೈರಿನ ಒಂದು ಸಣ್ಣ ಬಲ್ಬು. ಅದರ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೆ ಹಿಡಿದೆ. ಇವೆರಡೂ ಕರೆಂಟು ತಿರುಗಿ ಬರುವ ಒಂದೇ ಅರ್ತು, ನಡುವೆ ಬಲ್ಬು ಹತ್ತಲೇಬಾರದು. ಸೆಲ್ಫ್ ಒತ್ತಿರಿ ಅಂದೆ. ಒತ್ತಿದರು. ಹಗಲಿನ ಬೆಳಕಿನಲ್ಲೂ ಬಲ್ಬು ಕೆಂಪಗೆ ಹತ್ತಿತು. ಬಿಡ್ರಿ ಅಂದೆ, ಆರಿತು. ಒತ್ತಿರಿ, ಹತ್ತಿತು. ಮೂರು ಸಲ ಒತ್ತಿಸಿದೆ. ಒಂದು ಸಲ ಸಾಕಿತ್ತು.

ಆಮೇಲೆ ಗಾಡಿಯ ಕೆಳಗೆ ಮಲಗಿ ನೋಡಿದೆ. ಇಂಜಿನ್ನಿನಿಂದ ಗಾಡಿಯ ಒಡಲಿಗೆ ಕರೆಂಟು ದಾಟಿಸಲು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಅದರ ಎರಡು ತುದಿಯ ನಟ್ಟುಗಳೂ ಬಿಗಿಯಾಗಿದ್ದವು, ಮೇಲೆ ವರ್ಷಗಟ್ಟಲೆಯ ಗ್ರೀಸು, ಮಣ್ಣು. ಅದನ್ನು ನೋಡಿದವರೆಲ್ಲ ಸರಿ ಇದೆ ಅಂದುಕೊಂಡು ಎದ್ದಿದ್ದಾರೆ. ಬಟ್ಟೆಯಿಂದ ಒರೆಸಿ ಬೆರಳಲ್ಲಿ ಬಾಗಿಸಿದರೆ ನಡುವೆ ಮುರಿದು, ನಾಲ್ಕೈದು ಎಳೆಯ ಮೇಲೆ ನಿಂತಿತ್ತು. ಮುರಿದದ್ದು ಯಾಕೆ ಅಂದರೆ ಇಂಜಿನ್ನನ್ನು ಹೊತ್ತುಕೊಳ್ಳುವ ಎರಡು ರಬ್ಬರ್ ದಿಂಡುಗಳು ಹರಿದುಹೋಗಿದ್ದವು. ಅವು ಪೆಟ್ರೋಲ್ ಇಂಜಿನ್ನಿಗೆ ಮಾಡಿದವು, ಡೀಸೆಲಿನ ಕುಲುಕಾಟ ತಡೆಯುವಂಥವಲ್ಲ. ಸಾಹುಕಾರರನ್ನು ಇಳಿಸಿ ಹತ್ತಿರ ಕರೆದು, ಇಂಜಿನ್ನಿನ ಕೆಳಗೆ ದೊಡ್ಡ ಪಾನಾ ಕೊಟ್ಟು ಮೀಟಿ ತೋರಿಸಿದೆ. ಇಂಜಿನ್ ಒಂದು ಮಗ್ಗುಲಿಗೆ ಮೂರು ಬೆರಳು ಎದ್ದಿತು. ಏರಿನಲ್ಲಿ ಅದು ಹಾಗೆ ಎದ್ದಾಗಲೆಲ್ಲ ರಾಡನ್ನು ಎಳೆಯುತ್ತಿತ್ತು. ಸ್ಟೇರಿಂಗಿನ ಕೆಳಗಿನ ಹಿಡಿ ಗೇರನ್ನು ಬಿಡುತ್ತಿತ್ತು.

ಇನ್ನೊಂದು ಇತ್ತು. ರಾಡಿನ ಕೀಲುಗಳಲ್ಲಿ ಸಣ್ಣ ಸಣ್ಣ ಕಪ್ಪು ಕುಳಿಗಳು ಬಿದ್ದಿದ್ದವು, ವೆಲ್ಡಿಂಗ್ ಕಿಡಿ ತಾಗಿದಂತೆ. ಪಟ್ಟಿ ಮುರಿದ ಮೇಲೆ ಸೆಲ್ಫಿನ ಅಷ್ಟೂ ಕರೆಂಟು ಬೇರೆ ದಾರಿ ಸಿಗದೆ ಗೇರಿನ ರಾಡು ಹತ್ತಿ ಸ್ಟೇರಿಂಗಿನಿಂದ ಗಾಡಿಯ ಒಡಲಿಗೆ ದಾಟುತ್ತಿತ್ತು. ಒಂದೊಂದು ಬೆಳಿಗ್ಗೆಯೂ ಕೀಲುಗಳನ್ನು ಒಂದಿಷ್ಟು ಸುಡುತ್ತಿತ್ತು, ಕೀಲು ಇನ್ನಷ್ಟು ಸಡಿಲಾಗುತ್ತಿತ್ತು. ಗೇರಿನವರಿಗೂ ಕರೆಂಟಿನವರಿಗೂ ಎರಡು ಬೇನೆಯಾಗಿ ಕಂಡದ್ದು ಒಂದೇ ಬೇನೆ. ಇದನ್ನೆಲ್ಲ ನಾನು ಸಾಹುಕಾರರಿಗೆ ನಿಧಾನವಾಗಿ ಬಿಡಿಸಿ ಹೇಳಿದೆ. ಕೇರಿಯವರೂ ಕೇಳಿದರು.

ಅವ್ವ ಕೊಡದಲ್ಲಿ ನೀರು ತಂದಳು. ಇಂಜಿನ್ ಆರಿದ ಮೇಲೆ ರೇಡಿಯೇಟರಿಗೆ ಹಾಕಿದೆ. ಕೊಡದಲ್ಲಿ ಉಳಿದ ನೀರನ್ನು ಅವಳು ತಂಬಿಗೆಗೆ ಬಗ್ಗಿಸಿ ಸಾಹುಕಾರರ ಕಡೆ ನೋಡಿದಳು. ಮನೆಮುಂದೆ ಬಂದವರನ್ನು ನೀರು ಕೇಳದೆ ಇರುವುದು ಅವಳಿಗೆ ಗೊತ್ತಿರಲಿಲ್ಲ. "ನೀರು ಕುಡೀತೀರೇನ್ರಿ, ಯಪ್ಪಾ?" ಅಂದಳು.

ಸಾಹುಕಾರರ ತುಟಿ ಒಣಗಿ ಬಿಳಿಯಾಗಿತ್ತು. ನೀರಡಿಕಿ ಇಲ್ಲ ಅಂದರು. ನಾನು ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು ಅವರ ಮುಂದೆಯೇ ನಿಂತು ಗಟಗಟ ಕುಡಿದೆ. ಕುಡಿದು, ಬಾಯಿ ಒರೆಸಿಕೊಂಡು, ಇನ್ನೊಂದು ತಂಬಿಗೆ ಕೇಳಿ ಅದನ್ನೂ ಕುಡಿದೆ. ನನಗೆ ಅಷ್ಟು ನೀರಡಿಕೆ ಇರಲಿಲ್ಲ.

ನನ್ನ ಪಾನಾ ಚೀಲದಲ್ಲಿ ದಪ್ಪ ಕೇಬಲಿನ ಒಂದು ತುಂಡಿತ್ತು. ಅದನ್ನು ಇಂಜಿನ್ನಿಗೂ ಗಾಡಿಯ ಒಡಲಿಗೂ ಬಿಗಿದೆ. ಡ್ರೈವರ್ ಸೀಟಿನಲ್ಲಿ ನಾನು ಕೂತು ಸೆಲ್ಫ್ ಒತ್ತಿದೆ. ಒಂದೇ ಒತ್ತಿಗೆ ಇಂಜಿನ್ ಹಿಡಿಯಿತು. ಒಂದು ವರ್ಷದಿಂದ ಹಮಾಲರು ನೂಕುತ್ತಿದ್ದ ಗಾಡಿ ಅದು. ಹಾರ್ನ್ ನೋಡಿದೆ, ಅದೂ ಗಟ್ಟಿಯಾಗಿ ಕೂಗಿತು. ಪರೀಕ್ಷೆಗೆ ಒಂದು ಸಲ ಸಾಕು. ನಾನು ಕೇರಿಯ ಬಾಯಲ್ಲಿ ನಾಲ್ಕು ಸಲ ಬಾರಿಸಿದೆ. ಊರೊಳಗಿನ ಕೆಲವರು ಏನಾಯಿತು ಅಂತ ನೋಡಲು ಕಟ್ಟೆಯಿಂದ ಎದ್ದು ಬಂದರು. ಬರಲಿ ಅಂತಲೇ ಬಾರಿಸಿದ್ದು.

ಅಲ್ಲಿಂದ ನಾವಿಬ್ಬರೂ ರಾಯಚೂರಿಗೆ ತಿರುಗಿ ಬಂದೆವು. ಶೆಡ್ಡಿನಲ್ಲಿ ನಾಲ್ಕು ದಿನದ ಕೆಲಸ. ಲಾರಿಯ ದಿಂಡುಗಳನ್ನು ಕತ್ತರಿಸಿ ಅಳತೆಗೆ ತಂದು ಇಂಜಿನ್ ಕೂಡಿಸಿದೆ, ಹೊಸ ತಾಮ್ರದ ಪಟ್ಟಿ ಹಾಕಿದೆ, ರಾಡಿನ ಕೀಲುಗಳಿಗೆ ಹೊಸ ಬುಷ್ ಬಳೆಗಳನ್ನು ಬಡಿದೆ. ಉಸ್ತಾದರು ಸ್ಟೂಲಿನ ಮೇಲೆ ಕೂತು ಪ್ರತಿಯೊಂದನ್ನೂ ನೋಡಿದರು. ಬುಷ್ ಬಡಿಯುವಾಗ ಮಾತ್ರ, ನಕ್ಕೋ, ಅಷ್ಟು ಜೋರು ಬ್ಯಾಡ ಅಂತ ಕೈ ಹಿಡಿದರು. ಗೇರ್‌ಬಾಕ್ಸನ್ನು ನಾನು ಬಿಚ್ಚಲೇ ಇಲ್ಲ. ಅದರೊಳಗೆ ಅವರು ಹಾಕಿದ ಸ್ಪ್ರಿಂಗು ಹಾಗೇ ಇತ್ತು, ಅದರ ತಪ್ಪೇನೂ ಇರಲಿಲ್ಲ.

ಐದನೇ ದಿನ ನಾನೊಬ್ಬನೇ ಕಾರು ಓಡಿಸಿಕೊಂಡು ಮಾನ್ವಿಗೆ ಹೋದೆ. ಗೇಟಿನ ಹೊರಗೆ ನಿಲ್ಲಿಸಬಹುದಿತ್ತು. ಅಂಗಳದ ಒಳಗೆ ತಂದು, ಪಡಸಾಲೆಯ ಮುಂದೆ ತಿರುಗಿಸಿ ನಿಲ್ಲಿಸಿದೆ. ಮುದುಕಿ ಅಲ್ಲೇ ಕೂತಿದ್ದರು. ಸಾಹುಕಾರರಿಗೆ ಕೀಲಿಕೈ ಕೊಟ್ಟೆ. ನೆಲದ ಮೇಲೆ ಇಡು ಅನ್ನುವರೇನೋ ಅಂತ ಕಾಯ್ದೆ. ಅವರು ಕೈ ಚಾಚಿ ತೆಗೆದುಕೊಂಡರು. ಬೆರಳು ತಾಗಿತು. ಚಲೋ ಮಾಡಿದಿ ಅಂದರು. ಅಷ್ಟೇ ಅಂದದ್ದು, ಅಷ್ಟು ಸಾಕಿತ್ತು.

ಮುಂದಿನ ವಾರ ಆ ಮುದಿ ಡ್ರೈವರು ಯಾವುದೋ ಬಲ್ಬು ಕೊಳ್ಳಲು ರಾಯಚೂರಿಗೆ ಬಂದವನು ನಮ್ಮಲ್ಲಿ ಕೂತು ಚಹಾ ಕುಡಿದ. ನಾನು ಹೋದ ಮೇಲೆ ಮುದುಕಿ ಸೀಟುಗಳನ್ನೆಲ್ಲ ಬಿಚ್ಚಿಸಿ ಸೋಪಿನ ನೀರಿನಲ್ಲಿ ತೊಳೆಸಿದರು ಅಂತ ಹೇಳಿದ. ಹೇಳಬಾರದಿತ್ತು ಅನ್ನುವಂತೆ ತಲೆ ತಗ್ಗಿಸಿದ. ನನಗೆ ಆ ದಿನ ಊಟ ಸೇರಲಿಲ್ಲ, ಸುಳ್ಳು ಹೇಳುವುದಿಲ್ಲ. ರವಿವಾರ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಸೀಟು ತೊಳದ್ರ?" ಅಂದಳು. "ತೊಳೀಲಿ ಬಿಡು. ನೀ ಮತ್ತ ಹೋಗು, ಮತ್ತ ಕೂಡು. ಎಷ್ಟು ಸಲ ತೊಳೀತಾರ ನೋಡಮು."

ಹಾಗೇ ಆಯಿತು. ಆ ಕಾರು ಇನ್ನೂ ನಾಲ್ಕು ವರ್ಷ ಓಡಿತು, ಥರ್ಡ್ ಗೇರು ಒಂದು ಸಲವೂ ಬೀಳಲಿಲ್ಲ. ಆರು ತಿಂಗಳಿಗೊಮ್ಮೆ ನೋಡಲು ನಾನೇ ಹೋಗುತ್ತಿದ್ದೆ. ಪ್ರತಿ ಸಲ ಓಡಿಸಿ ನೋಡಿದೆ, ಓಡಿಸುವ ಅಗತ್ಯ ಇಲ್ಲದಾಗಲೂ. ಸೀಟು ತೊಳೆಸುವುದು ಯಾವಾಗ ನಿಂತಿತೋ, ನಿಂತಿತೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ. ಉಸ್ತಾದರ ಬೆರಳು ಪೂರ್ತಿ ಜಡವಾದ ಮೇಲೆ ಗೇರಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಜಾಲಹಳ್ಳಿಯಿಂದ, ಸಿರವಾರದಿಂದ, ಶಕ್ತಿನಗರದಿಂದ ಗಾಡಿಗಳು ಬರುತ್ತಿದ್ದವು. ಮಾಲಿಕರು ಬೇನೆ ಹೇಳಲು ಬಾಯಿ ತೆರೆಯುವ ಮೊದಲೇ ನಾನು ಕೀಲಿಕೈ ಇಸಿದುಕೊಂಡು, ಬಾಗಿಲು ತೆಗೆದು, ಸೀಟಿನ ಮೇಲೆ ಕೂತು, ಪಕ್ಕಕ್ಕೆ ಬರ್ರಿ, ದಾರಿಯಲ್ಲಿ ಹೇಳುವಿರಂತೆ ಅನ್ನುತ್ತಿದ್ದೆ. ಬರಲು ಹಿಂದೆ ಮುಂದೆ ನೋಡಿದವರೂ ಇದ್ದರು. ಅಂಥವರ ಗಾಡಿಯಿಂದ ಇಳಿದು ನಾನು ಮುಂದಿನ ಗಾಡಿಗೆ ಹೋಗುತ್ತಿದ್ದೆ.